ಬಿಡದ ಬೋಲ್ಟು, ನಿಂತ ಬಂಡಿ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಬೆಳಗಿನ ಹೊತ್ತು ಬಂದು ಸೇರುವ ದ್ವಿಚಕ್ರ ವಾಹನಗಳನ್ನು ಗಮನಿಸಿದವರಿಗೆ ಈ ಭಾಗದ ವ್ಯಾಪಾರವು ಎಷ್ಟರ ಮಟ್ಟಿಗೆ ಎರಡು ಚಕ್ರಗಳ ಮೇಲೆ ನಿಂತಿದೆಯೆಂಬುದನ್ನು ವಿವರಿಸಬೇಕಾಗಿಲ್ಲ. ಗೂಡಿನ ಮೂಟೆ, ಚಿಂತಾಮಣಿಯ ಟೊಮೆಟೊ, ಚಿಕ್ಕಬಳ್ಳಾಪುರದ ಹೂವಿನ ಗಂಟು ಎಲ್ಲವೂ ಸಂತೆ ಸೇರುವುದು ಬಹುಪಾಲು ಇಂಥ ಬಂಡಿಗಳ ಮೇಲೆಯೇ. ಅಂಥದೊಂದು ಬಂಡಿ ಸೈಲೆನ್ಸರ್ ಬದಲಾಯಿಸಲೆಂದು ಕಾರ್ಯಾಗಾರಕ್ಕೆ ಬಂದರೆ ಬಿಡಿಭಾಗ ಸಿದ್ಧವಿರುತ್ತದೆ, ಕೆಲಸಗಾರನೂ ಇರುತ್ತಾನೆ. ಆದರೂ ಬಂಡಿ ಸಂಜೆಯವರೆಗೆ ನಿಲ್ಲುತ್ತದೆ. ಕಾರಣ, ಕೆಲವೇ ರೂಪಾಯಿ ಬೆಲೆಯ ಒಂದು ನಟ್ಟು ಬಿಡುವುದಿಲ್ಲ. ಬಲವಂತಕ್ಕೆ ಮುರಿದರಂತೂ ಲೇತ್ ಅಂಗಡಿಯ ದಾರಿ ಹಿಡಿಯಬೇಕು.

ಸಮುದ್ರದ ಉಪ್ಪುಗಾಳಿಯಿಲ್ಲದ, ಮಳೆ ಕಡಿಮೆಯಿರುವ ಬಯಲುಸೀಮೆಯಲ್ಲಿ ಬೋಲ್ಟುಗಳೇಕೆ ಕಚ್ಚಿಕೊಳ್ಳಬೇಕು ಎಂಬ ಪ್ರಶ್ನೆ ಸಹಜ. ತುಕ್ಕು ಒಂದು ಕಾರಣ ಮಾತ್ರ. ಕಬ್ಬಿಣ ತುಕ್ಕಾದಾಗ ಅದರ ಗಾತ್ರವು ಹಲವು ಪಟ್ಟು ಹಿಗ್ಗಿ ಥ್ರೆಡ್‌ಗಳ ನಡುವಣ ಸಂದನ್ನು ತುಂಬುತ್ತದೆ. ಎರಡನೆಯದು ಲೋಹಗಳ ಬೆರಕೆ. ಉಕ್ಕಿನ ಬೋಲ್ಟು ಅಲ್ಯೂಮಿನಿಯಂ ಹೆಡ್ಡಿನಲ್ಲಿ ಕುಳಿತಿರುವಾಗ ನೀರು ತಗುಲಿದರೆ ಎರಡರ ನಡುವೆ ವಿದ್ಯುತ್ ರಾಸಾಯನಿಕ ಕ್ರಿಯೆ ನಡೆದು, ಅಲ್ಯೂಮಿನಿಯಂ ಬಿಳಿಯ ಪುಡಿಯಾಗಿ ಥ್ರೆಡ್‌ಗೆ ಅಂಟಿಕೊಳ್ಳುತ್ತದೆ. ಲವಣ ತುಂಬಿದ ಕೊಳವೆಬಾವಿ ನೀರಿನಲ್ಲಿ ಬಂಡಿ ತೊಳೆದು ಒರೆಸದೆ ಬಿಡುವ ರೂಢಿ ಇದಕ್ಕೆ ನೆರವಾಗುತ್ತದೆ. ಸೈಲೆನ್ಸರ್ ಸ್ಟಡ್ಡುಗಳದು ಬೇರೆಯೇ ಕಥೆ: ಅವು ದಿನವೂ ಕಾದು, ದಿನವೂ ತಣಿದು, ಸುಟ್ಟು ಕಪ್ಪಾದ ಪದರವನ್ನು ಹೊದ್ದುಕೊಂಡಿರುತ್ತವೆ.

ಆದರೆ ಎಲ್ಲಕ್ಕಿಂತ ದೊಡ್ಡ ಕಾರಣ ಹಿಂದಿನ ಸಲ ಬಿಗಿದ ಕೈ. 6 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ ಬೇಕಾದ ಬಿಗಿತ ಸುಮಾರು 10 ನ್ಯೂಟನ್ ಮೀಟರ್. 12 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಯಲ್ಲಿ ಇದು ಸುಮಾರು 8 ಕಿಲೋ ಭಾರಕ್ಕೆ ಸಮ. ಅದೇ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಉದ್ದವನ್ನು ಮೂರು ಪಟ್ಟು ಮಾಡಿದರೆ ಕೈಯ ಶ್ರಮ ಹೆಚ್ಚದೆಯೇ ಬಿಗಿತ ಮೂರು ಪಟ್ಟಾಗುತ್ತದೆ. ಬೋಲ್ಟಿನ ಸಹನಶಕ್ತಿ ಅಲ್ಲಿಗೆ ಮುಗಿಯಿತು. ಬಿಗಿಯುವಾಗಲೂ ಬಿಚ್ಚುವಾಗಲೂ ಪೈಪನ್ನೇ ನಂಬುವ ಅಭ್ಯಾಸ ಹಲವೆಡೆ ಬೇರೂರಿರುವುದು ವಿಷಾದನೀಯ.

ಅಳತೆಯ ತೊಡಕೂ ಉಂಟು. ಮದರಾಸಿನಲ್ಲಿ ತಯಾರಾಗುತ್ತಿದ್ದ ಹಳೆಯ ಬುಲೆಟ್‌ಗಳಿಗೆ ಇಂಗ್ಲಿಷ್ ಅಳತೆಯ ಥ್ರೆಡ್ ಇತ್ತು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿಗಳು ಮೆಟ್ರಿಕ್ ಅಳತೆಯವು. 1980ರ ದಶಕದಲ್ಲಿ ಜಪಾನಿನ ತಂತ್ರಜ್ಞಾನದ ಬಂಡಿಗಳು ಬಂದವು. ಅವುಗಳ 8 ಮಿ.ಮೀ. ಬೋಲ್ಟಿನ ತಲೆ ಬಹುತೇಕ 12ರ ಸ್ಪ್ಯಾನರಿನದು, ಇತರೆಡೆ ಅದೇ ಬೋಲ್ಟಿಗೆ 13 ಬೇಕು. 12ರ ತಲೆಗೆ 13 ಹಾಕಿ ತಿರುಗಿಸಿದರೆ ಮೂಲೆಗಳು ಸವೆದು ತಲೆ ಗುಂಡಗಾಗುತ್ತದೆ. ಇಂಜಿನ್ ಕವರಿನ ಪ್ಲಸ್ ಸ್ಕ್ರೂಗಳಲ್ಲಿಯೂ ಇದೇ ಗೊಂದಲ: ಜಪಾನಿನ ಮಾದರಿಯ ಕುಳಿಗೆ ಫಿಲಿಪ್ಸ್ ಸ್ಕ್ರೂಡ್ರೈವರ್ ಪೂರ್ತಿ ಕೂರದೆ ಜಾರಿ ಮೇಲೇಳುತ್ತದೆ. ಯಮಹಾ ಬಂಡಿಗಳ ಬಲಗನ್ನಡಿಯ ಥ್ರೆಡ್ ಎಡಮುಖದ್ದು. ಇದನ್ನರಿಯದೆ ಬಿಚ್ಚಲು ಹೊರಟವರು ಇನ್ನಷ್ಟು ಬಿಗಿದದ್ದೇ ಹೆಚ್ಚು.

ಅನುಭವಿ ಕೆಲಸಗಾರರ ಕ್ರಮದಲ್ಲಿ ಬಲಪ್ರಯೋಗಕ್ಕೆ ಕೊನೆಯ ಸ್ಥಾನ. ಮೊದಲು ತಂತಿ ಬ್ರಷ್ಷಿನಿಂದ ಹೊರಗೆ ಕಾಣುವ ಥ್ರೆಡ್ಡನ್ನು ಶುಚಿಗೊಳಿಸಿ, ತುಕ್ಕು ಬಿಡಿಸುವ ತೈಲವನ್ನು ಹಾಕುತ್ತಾರೆ. ಸಾಧ್ಯವಾದರೆ ಹಿಂದಿನ ರಾತ್ರಿಯೇ ಹಾಕಿಡುವುದು ಮೇಲು. ಸಂದಿನೊಳಗೆ ತೈಲ ಇಳಿಯಲು ಹೊತ್ತು ಹಿಡಿಯುತ್ತದೆ. ಹೆಸರುವಾಸಿ ಡಬ್ಲ್ಯುಡಿ-40 ಅಮೆರಿಕೆಯಲ್ಲಿ 1953ರಲ್ಲಿ ರೂಪುಗೊಂಡದ್ದು ನೀರನ್ನು ಹೊರದೂಡಿ ತುಕ್ಕು ತಡೆಯುವುದಕ್ಕಾಗಿ. ಹಟಮಾರಿ ಬೋಲ್ಟಿಗೆಂದೇ ತಯಾರಾಗುವ ತೈಲಗಳು ಬೇರೆ ಇವೆ. ಡೀಸೆಲ್, ಸೀಮೆಎಣ್ಣೆಯಿಂದ ಕೆಲಸ ಸಾಗಿಸುವವರೂ ಉಂಟು. ಯಾವುದನ್ನೇ ಆಗಲಿ, ಬ್ರೇಕ್ ಡಿಸ್ಕ್ ಮತ್ತು ಲೈನರುಗಳ ಮೇಲೆ ಬೀಳಿಸಬಾರದು.

ಅನಂತರ ತಲೆಯ ಮೇಲೆ ಸುತ್ತಿಗೆಯಿಂದ ನೇರವಾಗಿ ಒಂದೆರಡು ಪೆಟ್ಟು. ಇದರಿಂದ ತುಕ್ಕಿನ ಹಿಡಿತ ಬಿರಿಯುತ್ತದೆ. ಸ್ಪ್ಯಾನರು ಆರು ಮೂಲೆಯ ಸಾಕೆಟ್ ಆಗಿರಬೇಕು. ಓಪನ್ ಸ್ಪ್ಯಾನರು ಎರಡೇ ಮುಖಗಳನ್ನು ಹಿಡಿಯುವುದರಿಂದ ತಲೆ ಕೆಡುವುದು ಬೇಗ. ಮೊದಲು ಕೂದಲೆಳೆಯಷ್ಟು ಬಿಗಿದು, ಆಮೇಲೆ ಸಡಿಲಿಸಿ, ಮತ್ತೆ ಬಿಗಿದು, ಹೀಗೆ ಹಿಂದುಮುಂದು ಆಡಿಸುತ್ತ ತೆಗೆಯುವುದು ಹಳಬರ ಜಾಣ್ಮೆ. ಸ್ಕ್ರೂಗಳಿಗೆ, ಸುತ್ತಿಗೆಯಿಂದ ಹೊಡೆದಾಗ ತಾನೇ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಉತ್ತಮ ಸಾಧನ.

ಇಷ್ಟಕ್ಕೂ ಜಗ್ಗದಿದ್ದರೆ ಬಿಸಿ. ಒಂದೇ ಪ್ರಮಾಣದ ಶಾಖಕ್ಕೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಹಾಗಾಗಿ ಬೋಲ್ಟನ್ನಲ್ಲ, ಅದರ ಸುತ್ತಲಿನ ಅಲ್ಯೂಮಿನಿಯಂ ಭಾಗವನ್ನು ಕಾಯಿಸಬೇಕು. ಸೈಲೆನ್ಸರಿನಲ್ಲಾದರೆ ಸ್ಟಡ್ಡನ್ನಲ್ಲ, ನಟ್ಟನ್ನು. ಥ್ರೆಡ್‌ಗೆ ಲೇಪಿಸಿದ ಗಟ್ಟಿ ಅಂಟು ಮೆತ್ತಗಾಗಲು 250 ಡಿಗ್ರಿಯಷ್ಟು ಶಾಖ ಬೇಕಾಗಬಹುದು. ಪೆಟ್ರೋಲ್ ಟ್ಯಾಂಕನ್ನು ಇಳಿಸದೆ, ಚೆಲ್ಲಿದ ತೈಲವನ್ನು ಒರೆಸದೆ ಬೆಂಕಿ ಹಚ್ಚುವುದು ಮಾತ್ರ ಅಂಗಡಿಗೇ ಕೇಡು.

ವರ್ತಕರಿಗೆ ಮತ್ತು ಸಣ್ಣ ತಯಾರಕರಿಗೆ ಸಂಬಂಧಿಸಿದ ಭಾಗ ಮರುಜೋಡಣೆಯದು. ಬಿಚ್ಚಿದ ಹಳೆಯ ಬೋಲ್ಟಿನ ಬದಲು ಗಿರಾಕಿಗೆ ಕೊಡುವ ಬೋಲ್ಟು ಯಾವ ದರ್ಜೆಯದು? ತಲೆಯ ಮೇಲೆ 8.8 ಎಂದಿದ್ದರೆ ಅದರ ಕರ್ಷಣ ಸಾಮರ್ಥ್ಯ 800 ಮೆಗಾಪ್ಯಾಸ್ಕಲ್, 4.6 ಎಂದಿದ್ದರೆ 400, ಅಂದರೆ ಅರ್ಧ. ನೋಟಕ್ಕೆ ಎರಡೂ ಒಂದೇ. ಗುರುತೇ ಇಲ್ಲದ ಬೋಲ್ಟನ್ನು ಅಗ್ಗವೆಂದು ಇಂಜಿನ್ನಿಗೆ ಹಾಕಿದಲ್ಲಿ, ಮುಂದಿನ ಸಲ ಅದು ಒಳಗೇ ತುಂಡಾಗುವ ಸಂಭವ ಹೆಚ್ಚು. ಭಾರತೀಯ ಮಾನಕ ಐಎಸ್ 1367 ಇಂಥ ದರ್ಜೆಗಳನ್ನು ವಿವರವಾಗಿ ಹೇಳುತ್ತದೆ. ಬೋಲ್ಟು ತಯಾರಿಸುವ, ಸತುವಿನ ಲೇಪ ಮಾಡಿಸಿ ಮಾರುವ ಸಣ್ಣ ಘಟಕಗಳವರು ಅದನ್ನು ಓದಿರುವುದು ಅಗತ್ಯ.

ಸೈಲೆನ್ಸರ್ ಸ್ಟಡ್ಡಿಗೆ ತಾಮ್ರಮಿಶ್ರಿತ ಗ್ರೀಸನ್ನು ತೆಳುವಾಗಿ ಸವರಿ ಕೂರಿಸಿದರೆ ಮತ್ತೊಮ್ಮೆ ಬಿಚ್ಚುವಾಗ ತೊಂದರೆ ಇರದು. ಗ್ರೀಸು ಹಚ್ಚಿದ ಥ್ರೆಡ್ಡು ಅಷ್ಟೇ ಬಲಕ್ಕೆ ಹೆಚ್ಚು ಬಿಗಿಯುವುದರಿಂದ ಕೈ ಹಗುರಾಗಿರಬೇಕು. ಟಾರ್ಕ್ ರೆಂಚ್ ಇದ್ದರೆ ಆ ಅಂದಾಜಿನ ಕೆಲಸವೂ ಉಳಿಯುತ್ತದೆ. ಬಿಡಿಭಾಗದ ಅಂಗಡಿಗಳು ಸೈಲೆನ್ಸರನ್ನು ಮಾರುವಾಗ ಜೊತೆಗೆ ಹೊಸ ಗ್ಯಾಸ್ಕೆಟ್, ಎರಡು ನಟ್ಟು ಮತ್ತು ಒಂದು ಸಣ್ಣ ಗ್ರೀಸ್ ಪೊಟ್ಟಣವನ್ನು ಸೇರಿಸಿ ಕೊಡಬಹುದು. ತಗಲುವ ಖರ್ಚು ಅತ್ಯಲ್ಪ, ಮೆಕ್ಯಾನಿಕ್ ಮತ್ತೆ ಅದೇ ಅಂಗಡಿಗೆ ಬರುತ್ತಾನೆ.