ಮಾತ್ರೆ ಡಬ್ಬಿಯಲ್ಲಿ ಯಾವುದು ಬೇಕು, ಯಾವುದು ಸಾಕು

ಎಪ್ಪತ್ತು ದಾಟಿದವರಿರುವ ಮನೆಯಲ್ಲಿ ಟೀವಿ ಪಕ್ಕದಲ್ಲೋ ಫ್ರಿಜ್ಜಿನ ಮೇಲೋ ಮಾತ್ರೆಗಳ ಡಬ್ಬಿಯೊಂದು ಇದ್ದೇ ಇರುತ್ತದೆ. ಬಿಪಿಗೆ ಹೃದಯದ ಡಾಕ್ಟರು ಬರೆದದ್ದು, ಮಂಡಿನೋವಿಗೆ ಮೂಳೆ ಡಾಕ್ಟರು ಬರೆದದ್ದು, ಹೋದ ವರ್ಷ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವಾಗ ಕೊಟ್ಟದ್ದು, ಮೆಡಿಕಲ್ ಶಾಪಿನವರೇ ‘ಇದು ತಗೊಳ್ಳಿ’ ಎಂದದ್ದು, ಎಲ್ಲವೂ ಅದರೊಳಗೆ ಸೇರಿಕೊಂಡಿರುತ್ತವೆ. ಒಂದೊಂದು ಚೀಟಿಯೂ ಅದರಷ್ಟಕ್ಕೆ ಸರಿಯಾಗಿಯೇ ಇರಬಹುದು. ಆದರೆ ಎಲ್ಲ ಚೀಟಿಗಳನ್ನೂ ಪಕ್ಕಪಕ್ಕ ಇಟ್ಟು ನೋಡುವವರಿಲ್ಲ. ಮಾತ್ರೆ ಶುರುಮಾಡಲು ನಾಲ್ಕು ಜನರಿದ್ದಾರೆ, ನಿಲ್ಲಿಸುವ ಹೊಣೆ ಮಾತ್ರ ಯಾರದೂ ಆಗಿಲ್ಲ.

ದಿನಕ್ಕೆ ಐದು ಅಥವಾ ಅದಕ್ಕಿಂತ ಹೆಚ್ಚು ಬಗೆಯ ಔಷಧ ತೆಗೆದುಕೊಳ್ಳುವುದನ್ನು ವೈದ್ಯರು ಸಾಮಾನ್ಯವಾಗಿ ‘ಬಹುಔಷಧ’ ಸ್ಥಿತಿ ಎಂದು ಗುರುತಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧಗಳಿಂದಾಗುವ ಹಾನಿಯನ್ನು ತಗ್ಗಿಸಲು ಜಾಗತಿಕ ಕಾರ್ಯಕ್ರಮ ಆರಂಭಿಸಿದಾಗ, ಮೊದಲು ಗಮನ ಕೊಡಬೇಕಾದ ಮೂರು ವಿಷಯಗಳಲ್ಲಿ ಇದನ್ನೂ ಒಂದಾಗಿ ಸೇರಿಸಿತು. ಇದನ್ನು ಸರಿಪಡಿಸಲು ದೊಡ್ಡ ಆಸ್ಪತ್ರೆಗಿಂತ ನಮ್ಮ ಫ್ಯಾಮಿಲಿ ಡಾಕ್ಟರು, ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಸರಿಯಾದವರು. ಒಂದು ಅಂಗವನ್ನಲ್ಲದೆ ಇಡೀ ಮನುಷ್ಯನನ್ನು ನೋಡುವವರು ಅವರೇ. ಅದಕ್ಕೆ ಅಡ್ಡ ಬರುವ ಕೆಲವು ನಂಬಿಕೆಗಳನ್ನು ಮೊದಲು ತೆಗೆದುಹಾಕಬೇಕು.

“ಒಮ್ಮೆ ಶುರುವಾದ ಮಾತ್ರೆ ಕೊನೆಯವರೆಗೂ ತಪ್ಪದು”

ಕೆಲವು ಹಾಗೆಯೇ. ಥೈರಾಯ್ಡ್ ಗ್ರಂಥಿ ತೆಗೆದವರಿಗೆ ಅದರ ಹಾರ್ಮೋನಿನ ಮಾತ್ರೆ ಜೀವನಪೂರ್ತಿ ಬೇಕು. ಹೃದಯಾಘಾತವಾದವರಿಗೆ ಕೊಡುವ ಹಲವು ಮಾತ್ರೆಗಳೂ ದೀರ್ಘಕಾಲದವೇ. ಆದರೆ ನೋವಿಗೆ, ನಿದ್ದೆಗೆ, ಎದೆಯುರಿಗೆ, ತಲೆಸುತ್ತಿಗೆ ಬರೆದ ಎಷ್ಟೋ ಮಾತ್ರೆಗಳು ಕೆಲವು ದಿನಗಳಿಗೋ ವಾರಗಳಿಗೋ ಎಂದು ಶುರುವಾಗಿ, ಹಳೆಯ ಚೀಟಿ ತೋರಿಸಿ ಕೊಳ್ಳುವ ಅಭ್ಯಾಸದಿಂದ ವರ್ಷಗಟ್ಟಲೆ ನಡೆಯುತ್ತವೆ.

ಔಷಧ ಅದೇ ಇದ್ದರೂ ದೇಹ ಅದೇ ಇರುವುದಿಲ್ಲ. ವಯಸ್ಸಾದಂತೆ ಕಿಡ್ನಿಯ ಶಕ್ತಿ ಕುಗ್ಗುತ್ತದೆ, ಔಷಧ ಹೊರಹೋಗುವುದು ನಿಧಾನವಾಗುತ್ತದೆ. ಮಾಂಸಖಂಡ ಕಡಿಮೆಯಾಗಿ ಕೊಬ್ಬಿನ ಪಾಲು ಹೆಚ್ಚುವುದರಿಂದ ಡಯಾಜೆಪಾಮ್‌ನಂಥವು ದೇಹದಲ್ಲಿ ದಿನಗಟ್ಟಲೆ ಉಳಿಯುತ್ತವೆ. ಸಣಕಲು ಮೈಯ ವೃದ್ಧರಲ್ಲಿ ಕ್ರಿಯಾಟಿನಿನ್ ರಿಪೋರ್ಟ್ ‘ನಾರ್ಮಲ್’ ಎಂದು ಬಂದರೂ ಕಿಡ್ನಿ ಸೊರಗಿರಬಹುದು, ಏಕೆಂದರೆ ಕ್ರಿಯಾಟಿನಿನ್ ಹುಟ್ಟುವುದೇ ಮಾಂಸಖಂಡದಿಂದ. ಐವತ್ತೈದರಲ್ಲಿ ಸರಿಹೊಂದಿದ ಪ್ರಮಾಣ ಎಂಬತ್ತರಲ್ಲಿ ಹೆಚ್ಚಾಗುವುದು ಹೀಗೆ. ಬಿಪಿ ಮಾತ್ರೆಯೂ ಇದಕ್ಕೆ ಹೊರತಲ್ಲ. ತೂಕ ಇಳಿದವರಿಗೆ, ಊಟ ಕಡಿಮೆಯಾದವರಿಗೆ ಹಳೆಯ ಡೋಸು ಜಾಸ್ತಿಯಾಗಿ, ಹಾಸಿಗೆಯಿಂದ ಎದ್ದ ಕೂಡಲೇ ಕಣ್ಣು ಕತ್ತಲೆ ಬರಬಹುದು. ಹಿರಿಯರ ಬಿಪಿಯನ್ನು ಕೂರಿಸಿ ನೋಡಿದ ಮೇಲೆ ನಿಲ್ಲಿಸಿಯೂ ನೋಡಬೇಕು.

ಇಸ್ರೇಲಿನ ವೈದ್ಯ ಡೊರೊನ್ ಗಾರ್ಫಿಂಕೆಲ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮನೆಯಲ್ಲೇ ಇದ್ದ 70 ಹಿರಿಯರು, ಸರಾಸರಿ ವಯಸ್ಸು 83ರ ಹತ್ತಿರ, ಒಬ್ಬೊಬ್ಬರಿಗೂ ಸರಾಸರಿ ಏಳೆಂಟು ಔಷಧ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನಿಲ್ಲಿಸಬಹುದೆಂದು ಕಂಡುಬಂತು. ನಿಲ್ಲಿಸಿದವುಗಳಲ್ಲಿ ಮತ್ತೆ ಶುರುಮಾಡಬೇಕಾಗಿ ಬಂದದ್ದು 2% ಮಾತ್ರ. ಶೇ 88ರಷ್ಟು ಜನ ಒಟ್ಟಾರೆ ಆರೋಗ್ಯ ಸುಧಾರಿಸಿತೆಂದರು. ಇದು ಚಿಕ್ಕ ಅಧ್ಯಯನ, ಹೋಲಿಸಿ ನೋಡಲು ಬೇರೆ ಗುಂಪೂ ಇರಲಿಲ್ಲ, ಹಾಗಾಗಿ ಇದನ್ನೇ ಕೊನೆಯ ಮಾತೆನ್ನಲಾಗದು. ಆದರೂ ಎಚ್ಚರಿಕೆಯಿಂದ ಮಾಡಿದರೆ ನಿಲ್ಲಿಸುವುದು ಅಪಾಯವೇನಲ್ಲ ಎಂಬ ಧೈರ್ಯವನ್ನು ಅದು ಕೊಡುತ್ತದೆ.

“ಗ್ಯಾಸ್ ಮಾತ್ರೆ ತಾನೇ, ಅದರಿಂದೇನಾಗುತ್ತೆ?”

ನನಗೆ ಅತಿ ಹೆಚ್ಚು ಕಳವಳ ತರುವ ಮಾತು ಇದು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಪ್ಯಾಂಟೊಪ್ರಜೋಲ್ ಎನ್ನುವುದು ಕಾಫಿಯಷ್ಟೇ ಸಹಜವಾಗಿಬಿಟ್ಟಿದೆ. ಸಾಮಾನ್ಯ ಎದೆಯುರಿ, ಹುಳಿತೇಗಿಗೆ ಇದು ಬೇಕಾಗುವುದು ಹೆಚ್ಚಾಗಿ ನಾಲ್ಕರಿಂದ ಎಂಟು ವಾರ. ವರ್ಷಗಟ್ಟಲೆ ನುಂಗಿದವರಲ್ಲಿ ಬಿ12 ಕೊರತೆ, ಮೆಗ್ನೀಷಿಯಂ ಕೊರತೆ, ಮೂಳೆ ಮುರಿತ, ಕರುಳಿನ ಸೋಂಕು ಹೆಚ್ಚಾಗಿ ಕಂಡುಬಂದಿವೆ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಕೂಡ ಬಿ12 ತಗ್ಗಿಸುತ್ತದೆ. ಎರಡೂ ಸೇರಿ ಅಂಗಾಲು ಜೋಮು ಹಿಡಿದಾಗ, ಮನೆಯವರು ‘ಶುಗರ್ ಕಾಲಿಗೆ ಇಳಿದಿದೆ’ ಎಂದು ಸುಮ್ಮನಾಗುತ್ತಾರೆ.

ಈಗ ಆ ಸ್ಟ್ರಿಪ್ಪನ್ನು ತಿರುಗಿಸಿ ನೋಡಿ. ಬ್ರಾಂಡಿನ ಹೆಸರು ದಪ್ಪಕ್ಷರದಲ್ಲಿ, ಒಳಗಿನ ಔಷಧದ ಹೆಸರು ಭೂತಗನ್ನಡಿ ಬೇಡುವಷ್ಟು ಸಣ್ಣಕ್ಷರದಲ್ಲಿ ಇರುತ್ತದೆ. ಬ್ರಾಂಡಿನ ಕೊನೆಗೆ ‘ಡಿ’ ಅಥವಾ ‘ಡಿಎಸ್‌ಆರ್’ ಎಂದಿದ್ದರೆ ಸಾಮಾನ್ಯವಾಗಿ ಅದರಲ್ಲಿ ಡಾಮ್‌ಪೆರಿಡೋನ್ ಸೇರಿದೆ ಎಂದರ್ಥ. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲೇ ಇದನ್ನು ದಿನಕ್ಕೆ 30 ಮಿಲಿಗ್ರಾಂ ಮೀರದಂತೆ, ಸಾಮಾನ್ಯವಾಗಿ ಒಂದು ವಾರ ದಾಟದಂತೆ ಕೊಡಬೇಕೆಂದು ಮಿತಿ ಹಾಕಿತು. ಹೃದಯ ಬಡಿತದ ಲಯ ತಪ್ಪುವ ಅಪಾಯ 60 ದಾಟಿದವರಲ್ಲಿ ಹೆಚ್ಚು ಎಂಬುದು ಅದಕ್ಕೆ ಕಾರಣ. ಇನ್ನು ಕೆಲವು ಗ್ಯಾಸ್ ಕ್ಯಾಪ್ಸೂಲ್‌ಗಳಲ್ಲಿ ಲೆವೊಸಲ್ಪಿರೈಡ್ ಇರುತ್ತದೆ. ಅದರಿಂದ ಕೈ ನಡುಕ, ನಡಿಗೆಯ ಬಿಗಿತ ಬರಬಹುದು.

ಹಾಗೆಂದು ಎಲ್ಲರೂ ಬಿಡುವಂತಿಲ್ಲ. ಹಿಂದೆ ಹೊಟ್ಟೆಯ ಹುಣ್ಣಿನಿಂದ ರಕ್ತ ಹೋಗಿ ಈಗ ಆಸ್ಪಿರಿನ್ ತೆಗೆದುಕೊಳ್ಳುತ್ತಿರುವವರಿಗೆ ಪ್ಯಾಂಟೊಪ್ರಜೋಲ್ ರಕ್ಷಣೆ ಬೇಕೇಬೇಕು. ಬಿಡಬಹುದಾದವರಿಗೂ ಒಂದು ತಿಳಿವಳಿಕೆ ಅಗತ್ಯ. ಇಷ್ಟು ದಿನ ತಡೆಹಿಡಿದ ಆಮ್ಲ, ಮಾತ್ರೆ ನಿಲ್ಲಿಸಿದ ಮೇಲೆ ಕೆಲವು ವಾರ ಹೆಚ್ಚಾಗಿ ಉಕ್ಕಬಹುದು. ‘ನೋಡಿ, ರೋಗ ಮರಳಿತು’ ಎಂದು ಹೆದರಿ ಮತ್ತೆ ಶುರುಮಾಡುವವರೇ ಹೆಚ್ಚು. ಡೋಸು ಅರ್ಧಮಾಡಿ, ಆಮೇಲೆ ದಿನ ಬಿಟ್ಟು ದಿನ ಮಾಡಿ ಇಳಿಸಿದರೆ ಈ ಕಾಟ ಕಡಿಮೆ.

“ಹೊಸ ತೊಂದರೆ ಬಂದರೆ ಹೊಸ ಮಾತ್ರೆ ಬೇಕು”

ಹಿರಿಯರಲ್ಲಿ ಹೊಸ ತೊಂದರೆ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಹಳೆಯ ಮಾತ್ರೆಯನ್ನು. ಒಂದು ಔಷಧದ ಅಡ್ಡ ಪರಿಣಾಮವನ್ನು ಹೊಸ ರೋಗವೆಂದು ತಿಳಿದು ಇನ್ನೊಂದು ಔಷಧ ಕೊಡುವ ಈ ಸರಪಳಿಯನ್ನು ಪೌಲಾ ರೋಶನ್ ಮತ್ತು ಜೆರ್ರಿ ಗುರ್ವಿಟ್ಜ್ 1990ರ ದಶಕದಲ್ಲೇ ವೈದ್ಯಲೋಕದ ಗಮನಕ್ಕೆ ತಂದರು.

ಬಿಪಿಗೆ ಆಮ್ಲೋಡಿಪಿನ್ ಕೊಟ್ಟರೆ ಕೆಲವರಿಗೆ ಪಾದ ಊದಿಕೊಳ್ಳುತ್ತದೆ. ಊತ ಇಳಿಸಲು ಮೂತ್ರ ಹೆಚ್ಚಿಸುವ ಮಾತ್ರೆ ಬರುತ್ತದೆ. ಅದರಿಂದ ರಾತ್ರಿ ಮೂರ್ನಾಲ್ಕು ಸಲ ಏಳಬೇಕು, ಕತ್ತಲಲ್ಲಿ ಬಚ್ಚಲಿಗೆ ಹೋಗುವಾಗ ಬಿದ್ದರೆ ಸೊಂಟ ಮುರಿಯಿತು. ಅದೇ ಮಾತ್ರೆ ಯೂರಿಕ್ ಆಮ್ಲ ಏರಿಸಿ ಹೆಬ್ಬೆರಳ ಕೀಲಿಗೆ ನೋವು ತರುತ್ತದೆ. ನೋವಿನ ಮಾತ್ರೆ ನುಂಗಿದರೆ ಬಿಪಿ ಮತ್ತೆ ಏರುತ್ತದೆ, ಕಿಡ್ನಿಗೂ ಪೆಟ್ಟು. ಮೊದಲ ಮಾತ್ರೆಯನ್ನು ಬದಲಿಸಿದ್ದರೆ ಮುಗಿಯುತ್ತಿದ್ದ ಕಥೆ ಇದು.

ತಲೆಸುತ್ತಿಗೆ ಕೊಡುವ ಸಿನ್ನಾರಿಜಿನ್ ನಮ್ಮಲ್ಲಿ ಬಹಳ ಬಳಕೆಯಲ್ಲಿದೆ. ತಿಂಗಳುಗಟ್ಟಲೆ ಮುಂದುವರಿದರೆ ವಯಸ್ಸಾದವರಲ್ಲಿ ಅದೂ ಪಾರ್ಕಿನ್ಸನ್ ಕಾಯಿಲೆಯಂತೆಯೇ ಕಾಣುವ ನಡುಕ, ನಿಧಾನಗತಿ ತರಬಲ್ಲದು. ಮಾತ್ರೆ ನಿಲ್ಲಿಸಿದರೆ ಹೆಚ್ಚಿನವರಲ್ಲಿ ಕೆಲವು ವಾರ, ತಿಂಗಳುಗಳಲ್ಲಿ ಇಳಿಯುವ ನಡುಕಕ್ಕೆ ಪಾರ್ಕಿನ್ಸನ್ ಔಷಧ ಶುರುಮಾಡುವಂತಾದರೆ ಅದು ನಿಜಕ್ಕೂ ದುಃಖದ ಸಂಗತಿ.

“ಶುಗರ್ ಎಷ್ಟು ಇಳಿದರೆ ಅಷ್ಟು ಒಳ್ಳೆಯದು”

ನಲವತ್ತೈದರ ಮಗನ ಗುರಿ ಎಂಬತ್ತೆರಡರ ತಂದೆಗೆ ಹೊಂದುವುದಿಲ್ಲ. ಹಲವು ಕಾಯಿಲೆಗಳಿರುವ, ಮರೆವು ಶುರುವಾದ ಹಿರಿಯರಿಗೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 8ರ ಒಳಗಿದ್ದರೆ ಸಾಕೆಂದು ಅಮೆರಿಕದ ಮಧುಮೇಹ ಸಂಘದ ಮಾರ್ಗಸೂಚಿಯೇ ಹೇಳುತ್ತದೆ. ಅವರಲ್ಲಿ ಇದನ್ನು 6ಕ್ಕೆ ಇಳಿಸಲು ಹೊರಟರೆ ಸಕ್ಕರೆ ಕುಸಿಯುವ ಅಪಾಯ ದೊಡ್ಡದು. ಗ್ಲಿಬೆನ್‌ಕ್ಲಮೈಡ್‌ನಂಥ ಹಳೆಯ ಮಾತ್ರೆಗಳಲ್ಲಿ ಈ ಕುಸಿತ ಗಂಟೆಗಟ್ಟಲೆ ಎಳೆಯುತ್ತದೆ. ಬೆವರು, ಗೊಂದಲ, ಅಸಂಬದ್ಧ ಮಾತು ಕಂಡಾಗ ‘ವಯಸ್ಸಾಯಿತಲ್ಲ’ ಎನ್ನದೆ ಗ್ಲೂಕೋಮೀಟರ್ ಹಿಡಿಯಬೇಕು. ಏಕಾದಶಿ, ರೋಜಾ ಉಪವಾಸ ಹಿಡಿಯುವವರು ಅಂದಿನ ಮಾತ್ರೆ ಏನು ಮಾಡಬೇಕೆಂದು ಮೊದಲೇ ಡಾಕ್ಟರನ್ನು ಕೇಳಿರಬೇಕು.

“ಮುನ್ನೆಚ್ಚರಿಕೆಗೆ ಒಂದು ಆಸ್ಪಿರಿನ್ ಇರಲಿ”

ಹೃದಯಾಘಾತವಾದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಆಸ್ಪಿರಿನ್ ಜೀವರಕ್ಷಕ. ಹೃದಯದ ಯಾವ ಕಾಯಿಲೆಯೂ ಇಲ್ಲದ ಹಿರಿಯರಿಗೆ? ಆಸ್ಟ್ರೇಲಿಯಾ ಮತ್ತು ಅಮೆರಿಕದ 19,114 ಜನರನ್ನೊಳಗೊಂಡ ‘ಆಸ್‌ಪ್ರೀ’ ಅಧ್ಯಯನದ ಫಲಿತಾಂಶ 2018ರಲ್ಲಿ ಬಂತು. ದಿನಕ್ಕೆ 100 ಮಿಲಿಗ್ರಾಂ ಆಸ್ಪಿರಿನ್ ತೆಗೆದುಕೊಂಡವರು ಹೆಚ್ಚು ಕಾಲ ಚೆನ್ನಾಗಿ ಬದುಕಲಿಲ್ಲ, ಅವರಲ್ಲಿ ದೊಡ್ಡ ರಕ್ತಸ್ರಾವ ಮಾತ್ರ ಹೆಚ್ಚಾಯಿತು.

“ನಿದ್ದೆ ಮಾತ್ರೆ ಹಿಡಿದವರು ಬಿಡಲಾರರು”

ಬಿಡಬಲ್ಲರು. ಕೆನಡಾದ ಕ್ವಿಬೆಕ್‌ನಲ್ಲಿ ಕಾರಾ ಟ್ಯಾನೆನ್‌ಬಾಮ್ ಅವರ ತಂಡ, ಅಲ್ಪ್ರಜೋಲಾಮ್ ಬಳಗದ ಮಾತ್ರೆ ನುಂಗುತ್ತಿದ್ದ ಹಿರಿಯರಿಗೆ ಸರಳ ಭಾಷೆಯ ಪುಸ್ತಿಕೆಯೊಂದನ್ನು ಕೊಟ್ಟಿತು. ಈ ಮಾತ್ರೆಯ ಅಪಾಯವೇನು, ಹಂತಹಂತವಾಗಿ ಇಳಿಸುವುದು ಹೇಗೆ ಎಂಬುದೆಲ್ಲ ಅದರಲ್ಲಿತ್ತು. ಆರು ತಿಂಗಳಲ್ಲಿ 27% ಜನ ಮಾತ್ರೆ ಪೂರ್ತಿ ಬಿಟ್ಟಿದ್ದರು. ಪುಸ್ತಿಕೆ ಸಿಗದವರಲ್ಲಿ ಬಿಟ್ಟವರು 5%. ಇದು 2014ರ ಫಲಿತಾಂಶ. ಅಜ್ಜ, ಅಜ್ಜಿಯರಿಗೆ ಹೇಳಿದರೆ ಅರ್ಥವಾಗದು ಎಂದುಕೊಳ್ಳುವ ನಾವು ಇದನ್ನು ಗಮನಿಸಬೇಕು.

“ಡಾಕ್ಟರು ಮಾತ್ರೆ ಕಡಿಮೆ ಮಾಡಿದರೆ ಕೈಬಿಟ್ಟರು ಎಂದರ್ಥ”

ಒಂದು ಹೆಚ್ಚುವರಿ ಮಾತ್ರೆ ಬರೆಯಲು ಅರ್ಧ ನಿಮಿಷ ಸಾಕು. ಒಂದನ್ನು ತೆಗೆಯಬೇಕಾದರೆ ಅದನ್ನು ಏಕೆ ಕೊಟ್ಟರೆಂದು ಹುಡುಕಬೇಕು, ರೋಗಿಯ ಜೊತೆ ಕೂತು ಮಾತಾಡಬೇಕು, ಮತ್ತೆ ಕರೆಸಿ ನೋಡಬೇಕು. ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ 1991ರಲ್ಲಿ ಹಿರಿಯರಿಗೆ ಸಲ್ಲದ ಔಷಧಗಳ ಪಟ್ಟಿ ತಂದರು, ಅದು 2023ರಲ್ಲಿ ಮತ್ತೆ ಪರಿಷ್ಕೃತವಾಗಿದೆ. ಐರ್ಲೆಂಡಿನಲ್ಲಿ ‘ಸ್ಟಾಪ್’ ಎಂಬ ಇನ್ನೊಂದು ಪಟ್ಟಿ 2008ರಲ್ಲಿ ಬಂತು. ಇವನ್ನಿಟ್ಟುಕೊಂಡು ಚೀಟಿ ನೋಡುವ ಡಾಕ್ಟರು ಸಿಕ್ಕರೆ ಅವರನ್ನು ಬಿಡಬೇಡಿ.

“ಹಾಗಾದರೆ ಇವತ್ತೇ ನಾವೇ ನಿಲ್ಲಿಸಿಬಿಡೋಣ”

ಬೇಡ. ಮೆಟೊಪ್ರೊಲಾಲ್ ಥಟ್ಟನೆ ಬಿಟ್ಟರೆ ಎದೆನೋವು, ಹೃದಯಾಘಾತದ ಅಪಾಯವಿದೆ. ಕ್ಲೋನಿಡಿನ್ ಬಿಟ್ಟರೆ ಬಿಪಿ ಜಿಗಿಯುತ್ತದೆ. ಅಲ್ಪ್ರಜೋಲಾಮ್, ಫಿಟ್ಸ್ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡವರು ದಿಢೀರನೆ ಬಿಟ್ಟರೆ ಪ್ರಾಣಕ್ಕೇ ಸಂಚಕಾರ. ಸ್ಟೆಂಟ್ ಇರುವವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಹೃದಯದ ಡಾಕ್ಟರನ್ನು ಕೇಳದೆ ಒಂದು ದಿನವೂ ತಪ್ಪಿಸಬಾರದು.

ಮಾಡಬೇಕಾದದ್ದು ಇಷ್ಟು. ಮನೆಯಲ್ಲಿರುವ ಎಲ್ಲ ಸ್ಟ್ರಿಪ್ಪು, ಟಾನಿಕ್ಕು, ಚೂರ್ಣ, ಕಷಾಯದ ಪುಡಿ, ಕಣ್ಣಿನ ಹನಿಗಳನ್ನೂ ಒಂದು ಚೀಲಕ್ಕೆ ತುಂಬಿ ಒಬ್ಬರೇ ಡಾಕ್ಟರ ಮುಂದೆ ಸುರಿಯಿರಿ. ಕಣ್ಣಿನ ಹನಿ ಏಕೆಂದರೆ, ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಕೂಡ ಹೃದಯ ಬಡಿತವನ್ನು ನಿಧಾನಗೊಳಿಸಬಲ್ಲದು. ಹೀಗೆ ಸುರಿದಾಗ ಒಂದೇ ಟೆಲ್ಮಿಸಾರ್ಟಾನ್ ಎರಡು ಬ್ರಾಂಡ್ ಹೆಸರಿನಲ್ಲಿ, ಎರಡು ಚೀಟಿಯಿಂದ ಬಂದಿರುವುದು ಕಣ್ಣಿಗೆ ಬೀಳಬಹುದು. ಒಂದೊಂದನ್ನೂ ಎತ್ತಿ ಕೇಳಿ: ಇದು ಯಾವುದಕ್ಕೆ, ಈಗಲೂ ಬೇಕೇ, ಎಲ್ಲಿಯವರೆಗೆ? ತೆಗೆಯುವುದಾದರೆ ಒಂದು ಸಲಕ್ಕೆ ಒಂದೇ ಮಾತ್ರೆ, ಆಗ ಏನಾದರೂ ಏರುಪೇರಾದರೆ ಕಾರಣ ತಿಳಿಯುತ್ತದೆ. ನಿಲ್ಲಿಸಿದ ದಿನಾಂಕ, ಕಾರಣ ಎರಡನ್ನೂ ಚೀಟಿಯ ಮೇಲೆಯೇ ಬರೆಸಿಕೊಳ್ಳಿ, ಇಲ್ಲವಾದರೆ ಮುಂದಿನ ಆಸ್ಪತ್ರೆಯಲ್ಲಿ ಅದೇ ಮಾತ್ರೆ ಮರಳಿ ಬರುತ್ತದೆ. ಔಷಧದಿಂದಲೇ ತೊಂದರೆಯಾಗಿದೆ ಎನಿಸಿದರೆ ಡಾಕ್ಟರಿಗೆ ತಿಳಿಸುವುದರ ಜೊತೆಗೆ, ಭಾರತ ಸರ್ಕಾರದ ಔಷಧ ಸುರಕ್ಷತಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024ಕ್ಕೆ ರೋಗಿಯ ಮನೆಯವರೂ ಕರೆ ಮಾಡಿ ವರದಿ ಮಾಡಬಹುದು.