ನಿಮಗಿದು ಗೊತ್ತೆ? ‘ಲಿಟರಲಿ’ಯ ಅತಿಶಯೋಕ್ತಿ ಹೊಸದಲ್ಲ

‘ನಕ್ಕೂ ನಕ್ಕೂ ಲಿಟರಲಿ ಸತ್ತೇಹೋದೆ’ ಎನ್ನುವವರನ್ನು ಕಂಡರೆ ಇಂಗ್ಲಿಷ್ ವ್ಯಾಕರಣಪ್ರಿಯರಿಗೆ ಸಿಟ್ಟು. ಇದು ಈಗಿನ ಹುಡುಗರು ಕೆಡಿಸಿದ ಭಾಷೆ ಎಂಬುದು ಅವರ ದೂರು. ಆದರೆ ಈ ಬಳಕೆಗೆ ಎರಡೂವರೆ ಶತಮಾನದ ಇತಿಹಾಸವಿದೆ.

ಲ್ಯಾಟಿನ್ನಿನಲ್ಲಿ ‘ಲಿಟೆರಾ’ ಎಂದರೆ ಅಕ್ಷರ. ಹಾಗಾಗಿ ‘ಲಿಟರಲಿ’ಗೆ ಮೊದಲಿದ್ದುದು ‘ಅಕ್ಷರಶಃ’, ಅಂದರೆ ಬರೆದಂತೆಯೇ, ಎಂಬ ಅರ್ಥ. ಆಕ್ಸ್‌ಫರ್ಡ್ ನಿಘಂಟು ಆಲಂಕಾರಿಕ ಬಳಕೆಗೆ ಕೊಡುವ ಹಳೆಯ ಉದಾಹರಣೆ 1769ರದು, ಫ್ರಾನ್ಸೆಸ್ ಬ್ರೂಕ್ ಅವರ ಕಾದಂಬರಿಯದು. ಚಾರ್ಲ್ಸ್ ಡಿಕನ್ಸ್ ಕೂಡ ಹೀಗೆ ಬರೆದಿದ್ದಾರೆ. 1876ರಲ್ಲಿ ಮಾರ್ಕ್ ಟ್ವೈನ್, ತಮ್ಮ ಟಾಮ್ ಸಾಯರ್ ‘ಲಿಟರಲಿ’ ಸಿರಿವಂತಿಕೆಯಲ್ಲಿ ಹೊರಳಾಡುತ್ತಿದ್ದ ಎಂದರು. ಆ ಹುಡುಗನ ಸಂಪತ್ತೆಂದರೆ ಬೇಲಿಗೆ ಸುಣ್ಣ ಬಳಿಯುವ ಅವಕಾಶಕ್ಕಾಗಿ ಗೆಳೆಯರು ಕೊಟ್ಟ ಗಾಳಿಪಟ, ಗೋಲಿ, ಒಂದು ಸತ್ತ ಇಲಿ! ಎಂಥ ಸೊಗಸಾದ ಉತ್ಪ್ರೇಕ್ಷೆ!

ಅಮೆರಿಕದ ವೆಬ್‌ಸ್ಟರ್ ನಿಘಂಟು 1909ರಲ್ಲೇ ಈ ಅರ್ಥವನ್ನು ದಾಖಲಿಸಿತ್ತು. ಆಕ್ಸ್‌ಫರ್ಡ್ 2011ರಲ್ಲಿ ತನ್ನ ವಿವರಣೆ ಪರಿಷ್ಕರಿಸಿತು. ಅದು ಜನರ ಕಣ್ಣಿಗೆ ಬಿದ್ದು ಗದ್ದಲವೆದ್ದದ್ದು ಮಾತ್ರ 2013ರಲ್ಲಿ. ನಿಘಂಟಿನ ಕೆಲಸ ಜನರ ಮಾತನ್ನು ದಾಖಲಿಸುವುದು, ತಿದ್ದುವುದಲ್ಲ ಎಂಬುದನ್ನು ಟೀಕಾಕಾರರು ಮರೆತಿದ್ದರು.

ಇನ್ನೊಂದು ಸಂಗತಿ: ‘ವೆರಿ’ ಪದಕ್ಕೂ ಮೂಲದಲ್ಲಿ ‘ನಿಜವಾದ’ ಎಂಬ ಅರ್ಥವೇ ಇತ್ತು. ಈಗ ಅದು ಬರೀ ‘ಬಹಳ’.