ಮಕ್ಕಳ ಶಿಕ್ಷಣ ಸಾಲ: ಮನ್ನಾಕ್ಕೆ ಕಾಯಬೇಡಿ, ಬಡ್ಡಿ ಸಹಾಯಧನ ಕೇಳಿ ಪಡೆಯಿರಿ



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ದನ ನೋಡಲು ಬಂದಾಗ ಕೆಚ್ಚಲು ಬಾವಿನ ಜೊತೆಗೆ ಈಗ ಇನ್ನೊಂದು ಪ್ರಶ್ನೆಯೂ ಬರುತ್ತದೆ: "ಡಾಕ್ಟ್ರೇ, ಮಕ್ಕಳ ಕಾಲೇಜು ಸಾಲ ಮನ್ನಾ ಆಗ್ತದಂತೆ, ಹೌದಾ?"

ಇಲ್ಲ. 2018ರಲ್ಲಿ ಕುಮಾರಸ್ವಾಮಿಯವರ ಸರ್ಕಾರ ಮನ್ನಾ ಮಾಡಿದ್ದು ರೈತರ ಬೆಳೆ ಸಾಲವನ್ನು. ಶಿಕ್ಷಣ ಸಾಲ ಅದರಲ್ಲಿರಲಿಲ್ಲ. ವಾಟ್ಸಾಪ್‌ನಲ್ಲಿ ಓಡಾಡುವ ವಿದ್ಯಾರ್ಥಿ ಸಾಲ ಮನ್ನಾದ ಸುದ್ದಿ ಹೆಚ್ಚಾಗಿ ಅಮೆರಿಕದ್ದು. ಅಲ್ಲಿ 2022ರಲ್ಲಿ ಅಧ್ಯಕ್ಷ ಬೈಡನ್ ಘೋಷಿಸಿದ ದೊಡ್ಡ ಮನ್ನಾವನ್ನು 2023ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ರದ್ದು ಮಾಡಿತು.

ನಮ್ಮಲ್ಲಿರುವುದು ಬಡ್ಡಿ ಸಹಾಯಧನ. ಓದು ಮುಗಿದು ಒಂದು ವರ್ಷದವರೆಗೆ ಸಾಮಾನ್ಯವಾಗಿ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಹಾಲು ಬತ್ತಿಸಿದ ದನ ಹಾಲು ಕೊಡದಿದ್ದರೂ ಹಿಂಡಿ, ಹುಲ್ಲು ತಿನ್ನುತ್ತದಲ್ಲ, ಹಾಗೆ. ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ ಸಾಲ ಪಡೆದರೆ, ಶೇ. 10ರ ಸರಳ ಬಡ್ಡಿಯಲ್ಲಿ ಕಂತು ಶುರುವಾಗುವ ಹೊತ್ತಿಗೆ ಬಡ್ಡಿಯೇ 1.40 ಲಕ್ಷ ರೂ. ಆಗಿರುತ್ತದೆ. ಕುಟುಂಬದ ಎಲ್ಲ ಮೂಲಗಳ ವಾರ್ಷಿಕ ಆದಾಯ 4.5 ಲಕ್ಷ ರೂ. ಒಳಗಿದ್ದು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತಾಂತ್ರಿಕ ಅಥವಾ ವೃತ್ತಿಪರ ಕೋರ್ಸ್ ಓದುತ್ತಿದ್ದರೆ, ಈ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರ ಕಟ್ಟುತ್ತದೆ. ಅಸಲು ಮಾತ್ರ ನಿಮ್ಮದೇ. ಮಗ ನಡುವೆ ಕಾಲೇಜು ಬಿಟ್ಟರೆ (ಕಾಯಿಲೆಯ ಕಾರಣ ಬೇರೆ) ಈ ಸೌಲಭ್ಯ ಹೋಗುತ್ತದೆ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ 8 ಲಕ್ಷದವರೆಗೆ ಆದಾಯವಿರುವವರಿಗೂ ಶೇ. 3 ಬಡ್ಡಿ ರಿಯಾಯಿತಿ ಇದೆ, ಆದರೆ ಆಯ್ದ ಉನ್ನತ ಸಂಸ್ಥೆಗಳಿಗೆ ಮಾತ್ರ.

ಚಿನ್ನ ಅಡವಿಟ್ಟು ಫೀಸು ಕಟ್ಟುವವರೇ ನಮ್ಮಲ್ಲಿ ಹೆಚ್ಚು. ಆ ಸಾಲಕ್ಕೆ ಈ ಸಹಾಯಧನ ಸಿಗುವುದಿಲ್ಲ. ಬ್ಯಾಂಕಿನ ಶಿಕ್ಷಣ ಸಾಲವೇ ಆಗಿರಬೇಕು. ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಮಾಡಿಸಿ ಶಾಖೆಗೆ ಕೊಡಿ. ಸಹಾಯಧನದ ನೋಡಲ್ ಬ್ಯಾಂಕ್ ಕೆನರಾ ಬ್ಯಾಂಕ್, ಆದರೆ ಬೇಡಿಕೆ ಹೋಗಬೇಕಾದದ್ದು ಸಾಲ ಕೊಟ್ಟ ನಿಮ್ಮ ಶಾಖೆಯಿಂದ. ಪ್ರತಿ ವರ್ಷ ಸಾಲದ ಖಾತೆಯ ವಿವರ ಪಡೆದು ಹಣ ಜಮೆಯಾಗಿದೆಯೇ ನೋಡಿ. ಆಗಿಲ್ಲದಿದ್ದರೆ ಬರಹದಲ್ಲೇ ಕೇಳಿ, ಸ್ವೀಕೃತಿ ಪಡೆಯಿರಿ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ದಾಖಲೆ ಇರುವುದಿಲ್ಲ.

ಮನ್ನಾ ಆಗಬಹುದೆಂದು ಕಂತು ನಿಲ್ಲಿಸುವವರಿಗೆ ಒಂದು ಮಾತು. ಈ ಸಾಲದಲ್ಲಿ ತಂದೆ ಅಥವಾ ತಾಯಿ ಸಹ-ಸಾಲಗಾರರು. 90 ದಿನ ದಾಟಿ ಬಾಕಿ ಉಳಿದರೆ ಖಾತೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ, ನಿಮ್ಮ ಸಿಬಿಲ್ ಅಂಕವೂ ಇಳಿಯುತ್ತದೆ. ನಾಳೆ ಎರಡು ದನಕ್ಕೆಂದೋ ಹಟ್ಟಿ ರಿಪೇರಿಗೆಂದೋ ಬ್ಯಾಂಕಿಗೆ ಹೋದಾಗ ಅದೇ ಅಡ್ಡ ಬರುತ್ತದೆ. ಬ್ಯಾಂಕ್ ತನ್ನ ಲೆಕ್ಕದಿಂದ ಸಾಲ ತೆಗೆದಿದೆ ಎಂದು ಕೇಳಿದರೂ ವಸೂಲಿ ನಿಂತಂತಲ್ಲ. ಒಂದಿಷ್ಟು ಕಟ್ಟಿ ಸೆಟ್ಲ್‌ಮೆಂಟ್ ಮಾಡಿಕೊಂಡರೂ ಆ ಗುರುತು ಸಿಬಿಲ್‌ನಲ್ಲಿ ಉಳಿಯುತ್ತದೆ. ಮಗಳಿಗೆ ಕೆಲಸ ಸಿಗುವುದು ತಡವಾದರೆ ಮೊದಲ ಕಂತು ತಪ್ಪುವ ಮುಂಚೆಯೇ ಮ್ಯಾನೇಜರರನ್ನು ಕಂಡು ಅವಧಿ ಹೆಚ್ಚಿಸಲು ಕೇಳಿ. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 15 ವರ್ಷದವರೆಗೆ ಅವಕಾಶವಿದೆ.